ಗದ್ದೆಯ ಬದುವನ್ನು ಕೊರೆಯುವ ಕೆಂಪು ಕ್ರೇಫಿಶ್

ಬದುವಿನಲ್ಲಿ ಬಿಲ ತೋಡಿ ಗದ್ದೆಯ ನೀರನ್ನು ಸೋರಿಸುವ ಏಡಿಯನ್ನರಿಯದ ಪಟೇಲರಾಗಲಿ ಜಮೀನುದಾರರಾಗಲಿ ನಮ್ಮ ಸೀಮೆಯಲ್ಲಿ ಇರಲಾರರು. ಏಡಿ ಸೀಗಡಿಗಳ ವರ್ಗಕ್ಕೇ ಸೇರಿದ ಕ್ರೇಫಿಶ್ ಎಂಬ ಪ್ರಾಣಿಯು ಮಾತ್ರ ಭಾರತದ ನದಿಕೆರೆಗಳಲ್ಲಿ ಸ್ವಾಭಾವಿಕವಾಗಿ ಇರುವುದಿಲ್ಲ. ಇದು ಸಿಹಿನೀರಿನ ಜೀವಿ. ಮೈ ಸೀಗಡಿಯಂತೆ ನೀಳವಾಗಿಯೂ ಮುಂಗಾಲುಗಳು ಏಡಿಯವುಗಳಂತೆ ಇಕ್ಕುಳವಾಗಿಯೂ ಇರುವುವು. ಇದರ ನೂರಾರು ಜಾತಿಗಳಲ್ಲಿ ಬತ್ತ ಬೆಳೆಯುವವರು ಮುಖ್ಯವಾಗಿ ತಿಳಿಯತಕ್ಕದ್ದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣದ ಜೌಗುನೆಲಗಳಿಗೆ ಸೇರಿದ ಕೆಂಪು ಕ್ರೇಫಿಶ್.

ಅಲ್ಲಿಯ ಲೂಯಿಸಿಯಾನಾ ಪ್ರಾಂತದಲ್ಲಿ ಇದು ರೈತನಿಗೆ ಎರಡನೆಯ ಬೆಳೆಯೇ ಆಗಿದೆ. ಜೂನ್ ಸುಮಾರಿಗೆ ನೀರು ನಿಂತ ಬತ್ತದ ಗದ್ದೆಗೆ ಬಲಿತ ಕ್ರೇಫಿಶ್‌ಗಳನ್ನು ಬಿಡುವರು. ಕೊಯ್ಲಿಗಾಗಿ ನೀರನ್ನು ಬಸಿದಾಗ ಅವು ಬಿಲ ಹೊಕ್ಕು ಅಡಗುವುವು. ಹೆಣ್ಣು ತನ್ನ ನೂರಾರು ಮೊಟ್ಟೆಗಳನ್ನು ಬಾಲದ ಅಡಿಯಲ್ಲಿ ಅಂಟಿಸಿಕೊಂಡು ಬಿಲದೊಳಗೇ ಕಾಯುತ್ತದೆ. ಒಡೆದ ಮರಿಗಳೂ ಕೆಲವು ಕಾಲ ತಾಯಿಯನ್ನು ಹಿಡಿದೇ ಇರುವುವು. ಅಕ್ಟೋಬರಿನಲ್ಲಿ ಮತ್ತೆ ನೀರು ಕಟ್ಟಿದೊಡನೆ ಇವೆಲ್ಲ ಹೊರಬಂದು, ಕೊಳೆಯುವ ಕೂಳೆಯನ್ನೂ ಅಲ್ಲಿ ಹುಟ್ಟುವ ಕ್ರಿಮಿಗಳನ್ನೂ ತಿಂದು ಬೆಳೆಯುವುವು. ಚಳಿಗಾಲದಿಂದ ಮೇ ತಿಂಗಳ ಸುಮಾರಿನವರೆಗೆ ತಂತಿಯ ಬೋನುಗಳಲ್ಲಿ ಮೀನಿನ ತುಣುಕುಗಳನ್ನಿಟ್ಟು ಹಿಡಿದು ಮಾರುವರು. ಕೊರೆದುಹೋದ ಬದುಗಳನ್ನು ಮರಳಿ ಕಟ್ಟಿಸುವ ಖರ್ಚು ಅಲ್ಲಿಯೂ ತಪ್ಪಿದ್ದಲ್ಲ.

ಇದನ್ನು ಬೇರೆ ದೇಶಗಳಿಗೆ ಒಯ್ದವರ ಅನುಭವವು ಹೀಗೆಯೇ ಆಗಲಿಲ್ಲ. ಜಪಾನಿಗೆ 1927ರಲ್ಲಿ ತರಿಸಿದುದು ಸಾಕಿದ ದೊಡ್ಡ ಕಪ್ಪೆಗಳಿಗೆ ಆಹಾರವಾಗಲೆಂದು! ಅವು ಆವರಣವನ್ನು ಬಿಟ್ಟು ಗದ್ದೆಕಾಲುವೆಗಳಲ್ಲೆಲ್ಲ ಹರಡಿದುವು; ಕಡೆಗೆ 2023ರಲ್ಲಿ ಅಲ್ಲಿಯ ಸರ್ಕಾರವು ಇವುಗಳನ್ನು ಮಾರುವುದನ್ನೂ ಬಯಲಿಗೆ ಬಿಡುವುದನ್ನೂ ನಿಷೇಧಿಸಿತು. ಸ್ಪೇನಿನಲ್ಲಿ 1974ರಲ್ಲಿ ಗ್ವಾದಲ್‌ಕಿವಿರ್ ನದಿಯ ಜೌಗುಪ್ರದೇಶಕ್ಕೆ ಬಿಟ್ಟರು. ಅಲ್ಲಿಯ ಇಸ್ಲಾ ಮಯೋರ್ ಊರಿನವರಿಗೆ ಇದರಿಂದ ಜೀವನೋಪಾಯವು ದೊರೆತುದು ನಿಜವೇ. ಆದರೆ ಅಮೆರಿಕಾದ ಜಾತಿಗಳು ತಾವು ಹೆಚ್ಚು ಬಾಧೆಪಡದೆ ಹೊತ್ತು ತಿರುಗುವ ಒಂದು ಬೂಷ್ಟುರೋಗವು ಯೂರೋಪಿನ ದೇಶೀಯ ಕ್ರೇಫಿಶ್‌ಗಳನ್ನು ಹಳ್ಳಹಳ್ಳಗಳಲ್ಲಿ ನಿರ್ಮೂಲ ಮಾಡಿತು. ನೆರೆಯ ಪೋರ್ಚುಗಲ್ಲಿಗೂ ಈ ಪ್ರಾಣಿ ಹಬ್ಬಿ, ನೀರಿನಲ್ಲಿ ಬಿತ್ತಿದ ಬತ್ತದ ಬೀಜವನ್ನೂ ಎಳೆಯ ಮೊಳಕೆಯನ್ನೂ ತಿಂದು ನಷ್ಟವನ್ನುಂಟುಮಾಡಿತು. ಬಲಿತ ಪೈರಿಗೆ ಅಷ್ಟು ಹಾನಿಯಿಲ್ಲ.

ಗದ್ದೆಯನ್ನು ಒಣಗಿಸಿದರೆ ಇದು ಸಾಯುವುದೆಂದು ಎಣಿಸಬಾರದು. ಎರಡು ಮೂರು ಅಡಿ ಆಳದ ಬಿಲದ ತಳದಲ್ಲಿ ತೇವವಿದ್ದರೆ ಸಾಕು, ತಿಂಗಳುಗಟ್ಟಲೆ ಬದುಕುತ್ತದೆ. ಮಳೆಯ ರಾತ್ರಿಗಳಲ್ಲಿ ನೆಲದ ಮೇಲೆಯೇ ನಡೆದು ಮತ್ತೊಂದು ನೀರನ್ನು ಸೇರುತ್ತದೆ. ಒಮ್ಮೆ ನೆಲೆಯೂರಿದ ವಿಶಾಲ ಪ್ರದೇಶದಿಂದ ಇದನ್ನು ಪೂರ್ತಿಯಾಗಿ ತೆಗೆಯುವ ಉಪಾಯವು ಇಂದಿಗೂ ಕೈಗೂಡಿಲ್ಲ.

ನಮ್ಮ ಪಟ್ಟಣಗಳಲ್ಲಿ ಗಾಜಿನ ತೊಟ್ಟಿಗಳಲ್ಲಿ ಸಾಕುವುದಕ್ಕಾಗಿ ಕ್ರೇಫಿಶ್‌ಗಳನ್ನು ಮಾರುವುದುಂಟು. ಸಾಕಿ ಬೇಸತ್ತವರು ಅವನ್ನು ಕೆರೆಗೆ ಸುರಿಯದಂತೆ ಗ್ರಾಮದ ಮುಖಂಡರು ತಿಳಿಯಹೇಳತಕ್ಕದ್ದು. ಬಿಲದ ಬಾಯಲ್ಲಿ ಕೆಸರಿನ ಗುಪ್ಪೆ ಕಂಡಮಾತ್ರಕ್ಕೆ ಗಾಬರಿಪಡಬೇಕಾದುದಿಲ್ಲ. ನಮ್ಮ ಏಡಿಯೂ ಮಣ್ಣನ್ನು ಹೊರಹಾಕುವುದಷ್ಟೆ. ಪ್ರಾಣಿಯನ್ನೇ ಹಿಡಿದು ನೋಡುವುದು ಮೇಲು. ಏಡಿಯ ಮೈ ಅಗಲ, ಬಾಲವು ಹೊಟ್ಟೆಯಡಿ ಮಡಿಚಿರುವುದು. ಕ್ರೇಫಿಶ್‌ನ ಬಾಲವು ಹಿಂದಕ್ಕೆ ಚಾಚಿ ಬೀಸಣಿಗೆಯಂತೆ ಕೊನೆಗಾಣುವುದು. ಅಂತಹುದು ಸಿಕ್ಕಿದಲ್ಲಿ ಮರಳಿ ನೀರಿಗೆ ಬಿಡದೆ ಮೀನುಗಾರಿಕೆ ಇಲಾಖೆಯವರಿಗೆ ಒಪ್ಪಿಸಬೇಕು.