ನೋವು ನಿಂತ ಹಲ್ಲು

ರಾತ್ರಿ ಹನ್ನೊಂದು ಗಂಟೆಗೆ ಹಲ್ಲು ಸಿಡಿಯತೊಡಗಿದರೆ ಮನೆಯವರೆಲ್ಲರೂ ವೈದ್ಯರಾಗುತ್ತಾರೆ. ಒಬ್ಬರು ಲವಂಗ ಹುಡುಕುತ್ತಾರೆ, ಇನ್ನೊಬ್ಬರು ಉಪ್ಪುನೀರು ಕಾಯಿಸುತ್ತಾರೆ, ಮತ್ತೊಬ್ಬರು ‘ಕೀಳಿಸಿಬಿಡು, ಪೀಡೆ ಹೋಗಲಿ’ ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ನೋವಿನವನು ಮಾತ್ರ ದವಡೆ ಹಿಡಿದು ಕುಳಿತು, ಬೆಳಗಾದೊಡನೆ ದಂತವೈದ್ಯರಲ್ಲಿಗೆ ಹೋಗಿಯೇ ತೀರುವೆನೆಂದು ಸಂಕಲ್ಪ ಮಾಡುತ್ತಾನೆ. ಬೆಳಗಾಗುತ್ತದೆ, ನೋವು ತಗ್ಗಿರುತ್ತದೆ, ಕಾಫಿ ಕುಡಿದು ಕಚೇರಿಗೆ ಹೊರಡುತ್ತಾನೆ. ನೀವೂ ಹೀಗೆ ಮಾಡಿರಬಹುದು. ಇದನ್ನು ಬರೆಯುತ್ತಿರುವವನಂತೂ ಮಾಡಿದ್ದಾನೆ.

ಜ್ವರ ಬಂದರೆ ವೈದ್ಯರ ಬಳಿಗೆ ಹೋಗುವ ನಾವು ಹಲ್ಲಿನ ವಿಷಯದಲ್ಲಿ ಮಾತ್ರ ಏಕೆ ಹಿಂಜರಿಯುತ್ತೇವೆ? ಮೊದಲನೆಯದು ಅಂಜಿಕೆ. ಇದು ಬಹುಮಟ್ಟಿಗೆ ಅಜ್ಜನ ಕಾಲದಿಂದ ಬಂದ ಆಸ್ತಿ. ನಮ್ಮ ದೇಶದಲ್ಲಿ ದಂತವೈದ್ಯ ಕಾಲೇಜೊಂದನ್ನು ಡಾ. ಆರ್. ಅಹಮದ್ ಅವರು ಕಲ್ಕತ್ತೆಯಲ್ಲಿ ತೆರೆದದ್ದೇ 1920ರಲ್ಲಿ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ಆರಂಭವಾದದ್ದು 1958ರಲ್ಲಿ. ಅದಕ್ಕೂ ಹಿಂದೆ ಅನೇಕರ ಪಾಲಿಗೆ ಹಲ್ಲಿನ ಚಿಕಿತ್ಸೆಯೆಂದರೆ ಸಂತೆಯಲ್ಲಿ ಕುಳಿತವನ ಇಕ್ಕುಳವೇ. ಮರಗಟ್ಟಿಸುವ ಮದ್ದಿಲ್ಲದೆ ಕೀಳಿಸಿಕೊಂಡವರು ಆ ಯಾತನೆಯನ್ನು ಮಕ್ಕಳು ಮೊಮ್ಮಕ್ಕಳಿಗೆ ಬಣ್ಣಿಸಿ ಹೇಳಿದರು. ಇಂದು ಬಳಕೆಯಲ್ಲಿರುವ ಲಿಡೊಕೇನ್ ಎಂಬ ಮದ್ದು ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾಯಿತು. ಗಾಳಿಯ ಒತ್ತಡದಿಂದ ಅತಿ ವೇಗವಾಗಿ ತಿರುಗುವ ಕೊರೆಯುವ ಯಂತ್ರ 1957ರಲ್ಲಿ ಅಮೆರಿಕದಲ್ಲಿ ಬಂದು, ಗಡಗಡನೆ ನಡುಗಿಸುತ್ತಿದ್ದ ಹಳೆಯದನ್ನು ಮೂಲೆಗೆ ಸೇರಿಸಿತು. ಉಪಕರಣ ಬದಲಾಯಿತು, ಕಥೆ ಬದಲಾಗಲಿಲ್ಲ.

ಎರಡನೆಯದು ತಪ್ಪು ನಂಬಿಕೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂದು ಹೇಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಹಲ್ಲಿಗೆ ಬರುವ ನರ ಬೇರೆ, ದೃಷ್ಟಿಯ ನರವೇ ಬೇರೆ. ಹಲ್ಲು ಶುಚಿ ಮಾಡಿಸಿದರೆ ಸಡಿಲವಾಗುತ್ತದೆ ಎಂಬುದೂ ಹೀಗೆಯೇ. ಗಟ್ಟಿಯಾದ ಕಿಟ್ಟ ಒಸಡನ್ನು ಕೆರಳಿಸಿ ಬುಡದ ಮೂಳೆಯನ್ನು ಕರಗಿಸಿರುತ್ತದೆ. ಅದನ್ನು ತೆಗೆದಾಗ ಆಗಲೇ ಇದ್ದ ಸಡಿಲ ತಿಳಿಯುತ್ತದೆ, ಅಷ್ಟೆ.

ಆದರೆ ಎಲ್ಲಕ್ಕಿಂತ ಹೆಚ್ಚು ಮೋಸಮಾಡುವುದು ನೋವು ನಿಲ್ಲುವುದೇ. ಹಲ್ಲಿನ ಹೊರಗವಚಕ್ಕೆ ನರವಿಲ್ಲ. ಆದುದರಿಂದ ಹುಳುಕು ಸದ್ದಿಲ್ಲದೆ ಆರಂಭವಾಗುತ್ತದೆ. ಒಳಪದರವನ್ನು ಮುಟ್ಟಿದಾಗ ತಣ್ಣೀರು ಜುಮ್ಮೆನ್ನಿಸುತ್ತದೆ. ತೂತು ಮುಚ್ಚಿಸಲು ತಕ್ಕ ಸಮಯ ಅದು. ನಾವೋ ತಣ್ಣೀರನ್ನು ಬಿಡುತ್ತೇವೆ. ಮುಂದೆ ರೋಗ ನಟ್ಟನಡುವಿನ ಮೃದುವಾದ ತಿರುಳಿಗೆ ತಲಪುತ್ತದೆ. ಬೆರಳಿಗೆ ಕೀವಾದರೆ ಬೆರಳು ಊದುತ್ತದೆ, ಒತ್ತಡಕ್ಕೆ ಎಡೆ ಸಿಗುತ್ತದೆ. ತಿರುಳಿನ ಸುತ್ತ ಇರುವುದು ಕಲ್ಲಿನಂಥ ಗೋಡೆ, ಊದಲು ಜಾಗವಿಲ್ಲ. ಮಲಗಿದರೆ ತಲೆಯ ಕಡೆ ರಕ್ತದ ಒತ್ತಡ ಏರಿ ನೋವು ಇಮ್ಮಡಿಯಾಗುತ್ತದೆ. ಹಲ್ಲುನೋವು ರಾತ್ರಿಯನ್ನೇ ಕಾದು ಬರುವಂತೆ ತೋರುವುದು ಇದರಿಂದಲೇ.

ಕೆಲವು ದಿನಗಳಾದ ಮೇಲೆ ತಿರುಳು ಸಾಯುತ್ತದೆ. ನೋವು ತಾನಾಗಿ ಮಾಯ! ಲವಂಗ ಕೆಲಸ ಮಾಡಿತೆಂದು ಮನೆಯವರು ಹಿಗ್ಗುತ್ತಾರೆ. ಲವಂಗದೆಣ್ಣೆಗೆ ನರವನ್ನು ಮಂಕಾಗಿಸುವ ಗುಣವಿರುವುದು ನಿಜ, ಅದರ ಸತ್ವವನ್ನು ದಂತವೈದ್ಯರೂ ಬಳಸುತ್ತಾರೆ. ಆದರೆ ಹುಳುಕನ್ನು ಅದು ವಾಸಿಮಾಡದು. ಸತ್ತ ತಿರುಳಿನಿಂದ ಸೋಂಕು ಬೇರಿನ ತುದಿಗೆ ಇಳಿದು ಮೂಳೆಯಲ್ಲಿ ಕೀವು ಕಟ್ಟುತ್ತದೆ. ಅಪರೂಪಕ್ಕೆ ಅದು ದವಡೆಯ ಕೆಳಗೆ ಹಬ್ಬಿ ಉಸಿರನ್ನೇ ತಡೆಯುವುದುಂಟು. ಮುಖ ಊದಿ, ಜ್ವರ ಬಂದು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಖರ್ಚಿನ ಮಾತನ್ನು ತಳ್ಳಿಹಾಕುವಂತಿಲ್ಲ. ತಿಂಗಳ ಕೊನೆಯಲ್ಲಿ ಅಕ್ಕಿಯೋ ಹಲ್ಲೋ ಎಂದಾಗ ಯಾರೂ ಹಲ್ಲನ್ನು ಆರಿಸರು. ಆದರೂ ಒಂದೇ ಸಲಕ್ಕೆ ಮುಚ್ಚಬಹುದಾಗಿದ್ದ ತೂತು, ತಡಮಾಡಿದರೆ ಬೇರಿನ ಚಿಕಿತ್ಸೆ, ಮೇಲೊಂದು ಟೊಪ್ಪಿಗೆ ಎಂದು ಹಲವು ಭೇಟಿಗಳನ್ನು ಕೇಳುತ್ತದೆ. ನಾಚಿಕೆಯೂ ಒಂದು ಅಡ್ಡಿ: ‘ಇಷ್ಟು ದಿನ ಏನು ಮಾಡುತ್ತಿದ್ದಿರಿ?’ ಎಂಬ ಗದರಿಕೆ ಒಮ್ಮೆ ಕೇಳಿದವರು ಮತ್ತೆ ಆ ಬಾಗಿಲು ತುಳಿಯುವುದಿಲ್ಲ. ಅಂಜಿಕೆಯಿದ್ದರೆ ಕುರ್ಚಿಯಲ್ಲಿ ಕೂರುವ ಮೊದಲೇ ವೈದ್ಯರಿಗೆ ತಿಳಿಸಿ. ಕೈ ಎತ್ತಿದರೆ ನಿಲ್ಲಿಸಬೇಕೆಂದು ಮಾತಾಡಿಕೊಳ್ಳಿ. ಈ ಸಣ್ಣ ಒಪ್ಪಂದದಿಂದ ಎಷ್ಟೋ ಧೈರ್ಯ ಬರುತ್ತದೆ.

ಮಕ್ಕಳನ್ನು ‘ಹಠ ಮಾಡಿದರೆ ಡಾಕ್ಟರಿಂದ ಹಲ್ಲು ಕೀಳಿಸುತ್ತೇನೆ’ ಎಂದು ಹೆದರಿಸುವವರಿಗೆ ಒಂದು ಮಾತು. ಸುಮಾರು ಆರನೆಯ ವರ್ಷದಲ್ಲಿ, ಒಂದು ಹಲ್ಲೂ ಬೀಳದೆಯೇ, ಹಾಲುಹಲ್ಲುಗಳ ಹಿಂದೆ ಹೊಸ ದವಡೆಹಲ್ಲೊಂದು ಮೂಡುತ್ತದೆ. ಹಾಲುಹಲ್ಲೆಂದೇ ತಿಳಿದು, ಹುಳುಕಾದರೂ ‘ಬಿದ್ದು ಹೊಸದು ಬರುತ್ತದೆ’ ಎಂದು ಬಿಟ್ಟುಬಿಡುವ ತಾಯಿತಂದೆಯರು ಬಹಳ. ಅದು ಶಾಶ್ವತವಾದ ಹಲ್ಲು, ಇನ್ನೊಂದು ಬರುವುದಿಲ್ಲ. ಇಂದು ಸಂಜೆ ಮಗುವಿನ ಬಾಯಿ ತೆರೆಸಿ, ಮುಂದಿನ ನಡುವಿನಿಂದ ಹಿಂದಕ್ಕೆ ಎಣಿಸಿ ನೋಡಿ: ಆರನೆಯದೇ ಅದು.