ಅಡಕೆ ತೋಟದ ನಡುವೆ ಪ್ರೊಜೆಕ್ಟರ್

ಸಾಗರದ ಬಸ್ ನಿಲ್ದಾಣದಲ್ಲಿ ಹೆಗ್ಗೋಡಿಗೆ ಟಿಕೆಟ್ ಕೇಳಿದರೆ, ಹೆಗಲಲ್ಲಿ ಚೀಲ ಇದ್ದವರನ್ನು ಕಂಡಕ್ಟರ್ ಒಮ್ಮೆ ನೋಡಿ, ‘ನೀನಾಸಮ್ಮಿಗಾ?’ ಎನ್ನುತ್ತಾರೆ. ಹತ್ತು ಕಿಲೋಮೀಟರಿನೊಳಗಿನ ದಾರಿ. ಇಳಿದ ಮೇಲೆ ಊರೆಲ್ಲಿ ಎಂದು ಹುಡುಕಬೇಕು. ರಸ್ತೆ ಬದಿಗೆ ಕೆಲವು ಅಂಗಡಿಗಳು. ಮನೆಗಳೆಲ್ಲ ತೋಟದಂಚಿಗೆ ಚದುರಿಕೊಂಡಿವೆ. ಮಲೆನಾಡಿನಲ್ಲಿ ನೆರೆಮನೆಗೆ ಹೋಗಬೇಕೆಂದರೂ ಒಂದು ತೋಟ ದಾಟಬೇಕು. ಹೀಗೆ ಬದುಕುವ ಜನ ಒಂದು ಸೂರಿನಡಿ ಸೇರಲು ಗಟ್ಟಿಯಾದ ನೆಪ ಬೇಕು. 1949ರಲ್ಲಿ ಇಲ್ಲಿನವರು ಕಟ್ಟಿಕೊಂಡ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಅಂಥದೊಂದು ನೆಪ. ಅದೇ ನೀನಾಸಮ್.

ಆವರಣದಲ್ಲಿ ಮೊದಲು ಕಣ್ಣು ನಿಲ್ಲುವುದು ಶಿವರಾಮ ಕಾರಂತ ರಂಗಮಂದಿರದ ಮೇಲೆ. 1972ರ ಕಟ್ಟಡ. ಆ ಕಾಲಕ್ಕೆ ಹಳ್ಳಿಯೊಂದಕ್ಕೆ ಇಷ್ಟು ದೊಡ್ಡ ರಂಗಮಂದಿರ ಯಾಕೆ ಎಂದು ಕೇಳಿದವರು ಇದ್ದಿರಲೇಬೇಕು. ಹೊರಗೆ ಬಿಸಿಲಿದ್ದರೂ ಒಳಗೆ ತಣ್ಣಗೆ, ಕತ್ತಲು. ಖಾಲಿ ರಂಗದ ಮುಂದೆ ಸುಮ್ಮನೆ ಕೂತೆ. ನಾಟಕಕ್ಕೆಂದು ರಂಗಮಂದಿರ ಕಟ್ಟಿದ ಊರಿಗೆ ಮರುವರ್ಷವೇ, 1973ರಲ್ಲಿ, ಸಿನಿಮಾ ಬಂತು. ನೀನಾಸಮ್ ಚಿತ್ರಸಮಾಜ ಹುಟ್ಟಿತು.

ನನಗೆ ಹೆಗ್ಗೋಡಿನ ಕತೆಯಲ್ಲಿ ಎಲ್ಲಕ್ಕಿಂತ ಕುತೂಹಲದ್ದು ಈ ಸಿನಿಮಾದ ಅಧ್ಯಾಯ. ನೀನಾಸಮ್ಮಿನ ಮುಂದಾಳು ಕೆ.ವಿ. ಸುಬ್ಬಣ್ಣ ಅಡಕೆ ಬೆಳೆಗಾರರು, ಲೇಖಕರು, ಅಕ್ಷರ ಪ್ರಕಾಶನ ನಡೆಸಿದವರು. ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಅವರ ಚಿತ್ರಗಳು ಪಟ್ಟಣದ ಫಿಲ್ಮ್ ಸೊಸೈಟಿಗಳ ಸ್ವತ್ತು ಎಂದು ಅವರು ಒಪ್ಪಲಿಲ್ಲ. 1979ರಿಂದ ಇಲ್ಲಿ ಚಲನಚಿತ್ರ ರಸಗ್ರಹಣ ಶಿಬಿರಗಳು ನಡೆದವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದುರ್ ಇಲ್ಲಿಗೆ ಬಂದು ಪಾಠ ಮಾಡಿದರು.

16 ಎಂ.ಎಂ. ರೀಲಿನ ಕಾಲ ಅದು. ಪ್ರಿಂಟು ಹೊರಗಿಂದ ತರಿಸಬೇಕು, ನೋಡಿ ವಾಪಸು ಕಳಿಸಬೇಕು. ಕರೆಂಟು ಇರಬೇಕು. ರೀಲು ಬದಲಿಸುವಾಗ ಚಿತ್ರ ನಿಲ್ಲುತ್ತದೆ. ಪರದೆಯ ಮೇಲಿನ ಮಾತು ಬಂಗಾಳಿಯೋ ಜಪಾನಿಯೋ ಇಟಾಲಿಯನ್ನೋ, ಅಡಿಬರಹ ಇಂಗ್ಲಿಷಿನದು. ಇವೆಲ್ಲ ತೊಡಕುಗಳೇ, ನಿಜ. ಆದರೆ ಒಂದೊಂದು ತೊಡಕೂ ಜನರನ್ನು ಮಾತಿಗೆ ಎಳೆಯಿತು. ಭಾಷೆ ಬಾರದವರಿಗೆ ಯಾರಾದರೂ ಕನ್ನಡದಲ್ಲಿ ಕತೆ ಹೇಳಲೇಬೇಕು. ಮತ್ತೆ ಯಾವಾಗ ಸಿಗುತ್ತದೋ ಗೊತ್ತಿಲ್ಲದ ಪ್ರಿಂಟನ್ನು ಕಣ್ಣಿಟ್ಟು ನೋಡಲೇಬೇಕು. ನೋಡಿದ ಮೇಲೆ, ‘ಅಕ್ಕ ಕದ್ದ ಸರವನ್ನು ಆ ಹುಡುಗ ಕೆರೆಗೆ ಎಸೆದದ್ದು ಯಾಕೆ?’ ಎಂದು ಪಕ್ಕದವರನ್ನು ಕೇಳಲೇಬೇಕು. ‘ಪಥೇರ್ ಪಾಂಚಾಲಿ’ಯ ಮಳೆ, ಸೋರುವ ಮನೆ, ಸಾಲದ ಮಾತು ಈ ಊರಿಗೆ ಹೊಸದಲ್ಲ, ಹೊಸದು ಅದನ್ನು ಪರದೆಯ ಮೇಲೆ ನೋಡುವುದು. ಎಂಬತ್ತರ ದಶಕದ ಮೊದಲ ಭಾಗದಲ್ಲಿ ‘ಜನಸ್ಪಂದನ’ ಯೋಜನೆಯಡಿ ನಾಟಕವೂ ಸಿನಿಮಾವೂ ನಾಡಿನ ಬೇರೆ ಹಳ್ಳಿಗಳಿಗೆ ಹೋದವು.

ಇವತ್ತು ಅದೇ ಚಿತ್ರಗಳು ಫೋನಿನಲ್ಲಿ ಸಿಗುತ್ತವೆ, ಯಾವಾಗ ಬೇಕಾದರೂ ನಿಲ್ಲಿಸಿ ನೋಡಬಹುದು. ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಯಂತ್ರ ಇಟ್ಟ ಮಾತ್ರಕ್ಕೆ ಕಲಿಕೆ ಬಂತೆಂದು ನಂಬುವವರ ಮೇಲೆ. ಶಾಲೆಗಳಲ್ಲಿ ಸ್ಮಾರ್ಟ್ ಕ್ಲಾಸಿನ ಪರದೆ ಬಟ್ಟೆ ಹೊದ್ದು ಕೂತಿರುವುದನ್ನು ಕಂಡಿದ್ದೇನೆ. ಅದನ್ನು ನೋಡಿ ಮಾತಾಡುವ ಹೊತ್ತು ಯಾವುದು, ಮಾತು ಶುರು ಮಾಡುವವರು ಯಾರು ಎಂದು ಅಲ್ಲಿ ಯಾರೂ ಯೋಚಿಸಿರಲಿಲ್ಲ.

ರಂಗಮಂದಿರದಿಂದ ಹೊರಬಂದರೆ ತಾಲೀಮಿನ ಸದ್ದು. 1980ರಲ್ಲಿ ಶುರುವಾದ ರಂಗಶಿಕ್ಷಣ ಕೇಂದ್ರದ ವಿದ್ಯಾರ್ಥಿಗಳು. ಕರ್ನಾಟಕದ ನಾನಾ ಕಡೆಯವರು, ಹಾಗಾಗಿ ಒಂದೇ ಸಾಲು ಧಾರವಾಡದ ಎಳೆತದಲ್ಲೂ ಕರಾವಳಿಯ ಬಿಗಿಯಲ್ಲೂ ಕೇಳಿಸುತ್ತದೆ. ಇಲ್ಲಿ ಬೆಳಕಿನ ಪಾಠವೂ ಇದೆ, ಮೊಳೆ ಹೊಡೆಯುವ ಪಾಠವೂ ಇದೆ. ಮಳೆಗಾಲದಲ್ಲಿ ಹೆಂಚಿನ ಮೇಲೆ ಸುರಿಯುವ ನೀರಿನ ಸದ್ದು ಮೀರಿ ಮಾತು ಕೊನೆಯ ಸಾಲಿಗೆ ಮುಟ್ಟಬೇಕು. ಮೈಕಿನ ಹಂಗಿಲ್ಲದ ಗಂಟಲನ್ನು ಈ ಊರಿನ ಹವೆಯೇ ಪಳಗಿಸುತ್ತದೆ.

1985ರಲ್ಲಿ ಹೊರಟ ನೀನಾಸಮ್ಮಿನ ಸಂಚಾರಿ ನಾಟಕ ತಂಡ ‘ತಿರುಗಾಟ’ದಲ್ಲಿ ಸ್ಥಳ ಮತ್ತು ತಂತ್ರದ ಲೆಕ್ಕಾಚಾರ ಇನ್ನೂ ಸ್ಪಷ್ಟ. ಮಳೆಗಾಲದಲ್ಲಿ ತಾಲೀಮು, ಮಳೆ ತಗ್ಗಿದ ಮೇಲೆ ಪಯಣ. ಯಕ್ಷಗಾನ ಮೇಳಗಳು ಹೊರಡುವುದೂ ಹೆಚ್ಚುಕಡಿಮೆ ಆಗಲೇ. ರಂಗಸಜ್ಜಿಕೆ ಗಾಡಿಯಲ್ಲಿ ಹಿಡಿಸಬೇಕು. ಇಂದು ಕಾಲೇಜಿನ ಸಭಾಂಗಣ, ನಾಳೆ ಬಯಲು, ಎಲ್ಲಾದರೂ ನಿಲ್ಲಬೇಕು. ಆಟ ಮುಗಿದ ರಾತ್ರಿಯೇ ಬಿಚ್ಚಬೇಕು. ಬಿಚ್ಚುವವರೂ ನಟರೇ. ಆಡಂಬರದ ದೃಶ್ಯ ಬೇಕೆನ್ನುವ ನಿರ್ದೇಶಕನ ಆಸೆಗೆ ಗಾಡಿಯ ಅಗಲವೇ ಕತ್ತರಿ ಹಾಕುತ್ತದೆ. ಆ ಕತ್ತರಿಯಿಂದ ನಾಟಕಗಳಿಗೆ ಒಳ್ಳೆಯದೇ ಆಗಿದೆ ಎಂಬುದು ನನ್ನ ಅಭಿಪ್ರಾಯ.

  

ಹೆಗ್ಗೋಡಿನ ಮಾದರಿಯನ್ನು ಎಲ್ಲೆಡೆ ನೆಡಬೇಕು ಎನ್ನುವವರಿದ್ದಾರೆ. ನನಗೆ ಅನುಮಾನ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾಡು ನೋಡಿದ್ದು ಫಲವನ್ನು; ಅದರ ಹಿಂದೆ ನಾಲ್ಕು ದಶಕಗಳ ಸಂಜೆಗಳಿದ್ದವು. ಬೇರೆ ಊರಿಗೆ ಬೇರೆ ಬೆಳೆ, ಬೇರೆ ಬಿಡುವು, ಬೇರೆ ಯಂತ್ರ. ಕಟ್ಟಡದ ನಕ್ಷೆ ಕೇಳುವ ಮೊದಲು ತಮ್ಮೂರಿನ ಜನಕ್ಕೆ ಯಾವ ತಿಂಗಳಲ್ಲಿ ಪುರುಸೊತ್ತು ಎಂದು ಕೇಳಿಕೊಳ್ಳುವುದು ಲೇಸು.

ಹೋಗುವವರಿಗೆ ಒಂದು ಮಾತು: ಹತ್ತಿರದ ರೈಲು ನಿಲ್ದಾಣ ಸಾಗರ ಜಂಬಗಾರು, ತಾಳಗುಪ್ಪದ ರೈಲು ಅಲ್ಲಿ ನಿಲ್ಲುತ್ತದೆ. ತಾಲೀಮು ನಡೆಯುವಾಗ ಕೇಳದೆ ಒಳಗೆ ನುಗ್ಗಬೇಡಿ, ಫೋಟೊ ತೆಗೆಯಬೇಡಿ. ಸಾಧ್ಯವಾದರೆ ಅಕ್ಟೋಬರಿನ ಆಸುಪಾಸಿನಲ್ಲಿ ನೀನಾಸಮ್ ನಡೆಸುವ ಸಂಸ್ಕೃತಿ ಶಿಬಿರದ ದಿನಾಂಕ ವಿಚಾರಿಸಿಕೊಂಡು ಹೊರಡಿ. ಕಟ್ಟಡ ನೋಡಲು ಅರ್ಧ ಗಂಟೆ ಸಾಕು. ಅಲ್ಲಿನ ಚರ್ಚೆಗೆ ಕೂರಲು ಕೆಲವು ದಿನಗಳಾದರೂ ಬೇಕು.