ಬೈಕಿನ ಹೊಗೆಯ ವಾಸನೆ ಮತ್ತು ನಮ್ಮ ಆರೋಗ್ಯ



ಆಸ್ಪತ್ರೆಗೆ ಬರುವವರಲ್ಲಿ ಅನೇಕರು ಬೈಕಿನ ಮೇಲೆಯೇ ಬರುತ್ತಾರೆ. ಗುಣವಾದ ರೋಗಿಯನ್ನು ಹಿಂದೆ ಕೂಡ್ರಿಸಿಕೊಂಡು ಊರಿಗೆ ಹೋಗುವವರೂ ಉಂಟು. ಕೆಲವು ಬೈಕುಗಳ ಹೊಗೆ ಕಣ್ಣು ಉರಿಸುತ್ತದೆ, ಹಸಿ ಪೆಟ್ರೋಲಿನಂತೆ ಘಾಟು ಹೊಡೆಯುತ್ತದೆ. ದೊಡ್ಡ ಶಬ್ದದ ಆಸೆಗೆ ಸೈಲೆನ್ಸರ್ ಬದಲಾಯಿಸುವಾಗ ‘ಕ್ಯಾಟಲಿಟಿಕ್ ಕನ್ವರ್ಟರ್’ ಎಂಬ ಭಾಗವನ್ನು ತೆಗೆಸಿದ್ದರೆ ಹೀಗಾಗುತ್ತದೆ. ಇದರಿಂದ ದೇಹಕ್ಕೆ ಆಗುವ ಹಾನಿಯನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು.

ಕ್ಯಾಟಲಿಟಿಕ್ ಕನ್ವರ್ಟರ್ ಎಂದರೇನು?

ಇದು ಹೊಗೆ ಕೊಳವೆಯೊಳಗೆ ಕೂಡ್ರಿಸಿದ, ಜೇನುಗೂಡಿನಂತೆ ಸಣ್ಣ ಸಣ್ಣ ರಂಧ್ರಗಳಿರುವ ಒಂದು ಭಾಗ. ರಂಧ್ರಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳುವಾದ ಲೇಪನ ಇರುತ್ತದೆ. ಇಂಜಿನ್‌ನಿಂದ ಬರುವ ಬಿಸಿ ಹೊಗೆ ಇದರ ಮೂಲಕ ಹಾಯುವಾಗ ಮೂರು ಕೆಲಸಗಳಾಗುತ್ತವೆ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅರೆಬರೆ ಉರಿದ ಪೆಟ್ರೋಲಿನ ಆವಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಆವಿಯಾಗುತ್ತದೆ. ಸಾರಜನಕದ ಆಕ್ಸೈಡುಗಳು ಬಹುಪಾಲು ಸಾದಾ ಸಾರಜನಕವಾಗುತ್ತವೆ. ನಮ್ಮ ದೇಶದಲ್ಲಿ 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್.-6 ನಿಯಮದ ಪೆಟ್ರೋಲ್ ಬೈಕುಗಳಲ್ಲಿ ಈ ಭಾಗ ಇದ್ದೇ ಇರುತ್ತದೆ.

ತೆಗೆದರೆ ವಾಸನೆ ಏಕೆ?

ಇಂಜಿನ್‌ನಲ್ಲಿ ಪೆಟ್ರೋಲ್ ಎಂದೂ ಪೂರ್ತಿ ಉರಿಯುವುದಿಲ್ಲ. ಉಳಿದ ಆವಿಯಲ್ಲಿ ಕ್ಯಾನ್ಸರ್ ತರಬಲ್ಲ ಬೆಂಜೀನ್, ಕಣ್ಣು ಮೂಗು ಉರಿಸುವ ಆಲ್ಡಿಹೈಡ್‌ಗಳು ಸೇರಿರುತ್ತವೆ. ಕನ್ವರ್ಟರ್ ಇದ್ದರೆ ಇವು ಅಲ್ಲಿಯೇ ಬಹುತೇಕ ಇಲ್ಲವಾಗುತ್ತವೆ. ತೆಗೆದರೆ ನೇರವಾಗಿ ಹೊರಗೆ ಬಂದು ಬಟ್ಟೆಗೆ, ಕೂದಲಿಗೆ ಅಂಟುತ್ತವೆ.

ಕನ್ವರ್ಟರ್ ಇರುವ ಬೈಕಿನಲ್ಲೂ ಚಾಲೂ ಮಾಡಿದ ಕೂಡಲೇ ಸ್ವಲ್ಪ ವಾಸನೆ ಬರುವುದು ಸಹಜ. ಆ ಭಾಗ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಮೇಲೆಯೇ ಸರಿಯಾಗಿ ಕೆಲಸ ಆರಂಭಿಸುತ್ತದೆ. ಕೆಲವೊಮ್ಮೆ ಕೊಳೆತ ಮೊಟ್ಟೆಯಂಥ ವಾಸನೆ ಬರಬಹುದು. ಪೆಟ್ರೋಲಿನಲ್ಲಿರುವ ಅಲ್ಪ ಗಂಧಕ ಇದಕ್ಕೆ ಕಾರಣ. ಇಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ ಎಂಬುದರ ಸೂಚನೆಯೂ ಅದಾಗಿರಬಹುದು. ಇಂಜಿನ್ ತಪಾಸಣೆ ಮಾಡಿಸಬೇಕೇ ಹೊರತು ಕನ್ವರ್ಟರನ್ನೇ ಕಿತ್ತು ಹಾಕಬಾರದು.

ವಾಸನೆ ಇಲ್ಲದ ವಿಷ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಘಾಟು ವಾಸನೆ ಒಂದು ಎಚ್ಚರಿಕೆ ಮಾತ್ರ. ಅದರ ಜೊತೆಗೇ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಆಗ ಉಸಿರಾಟ ನಡೆದಿದ್ದರೂ ಮೆದುಳಿಗೆ, ಹೃದಯಕ್ಕೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ ಇದರ ಮೊದಲ ಲಕ್ಷಣಗಳು. ಹೆಚ್ಚಾದರೆ ಎಚ್ಚರ ತಪ್ಪಿ ಪ್ರಾಣವೇ ಹೋಗಬಹುದು.

ಮೂಗನ್ನು ನಂಬಿ ಕೂಡುವಂತೆಯೂ ಇಲ್ಲ. ಕೆಲವು ನಿಮಿಷಗಳಲ್ಲಿ ಮೂಗು ವಾಸನೆಗೆ ಹೊಂದಿಕೊಳ್ಳುತ್ತದೆ. “ಈಗ ವಾಸನೆ ಇಲ್ಲ” ಎಂದರೆ ಹೊಗೆ ಇಲ್ಲ ಎಂದರ್ಥವಲ್ಲ.

ದಮ್ಮು ಮತ್ತು ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು, ಚಿಕ್ಕ ಮಕ್ಕಳು, ವೃದ್ಧರು ಹಾಗೂ ಇಡೀ ದಿನ ಹೊಗೆಯಲ್ಲಿ ದುಡಿಯುವ ಮೆಕ್ಯಾನಿಕ್‌ಗಳಿಗೆ ಅಪಾಯ ಹೆಚ್ಚು. ಸಾರಜನಕದ ಆಕ್ಸೈಡುಗಳು ದಮ್ಮನ್ನು ಕೆರಳಿಸುತ್ತವೆ. ಬೈಕ್ ಓಡಿಸುವವನು ಮುಂದೆ ಸಾಗುತ್ತಾನೆ, ಹೊಗೆ ಕುಡಿಯುವವರು ಹಿಂದಿನವರು. ಕೆಲವೊಮ್ಮೆ ಅವರು ಅವನ ಮನೆಯವರೇ ಆಗಿರುತ್ತಾರೆ.

“ಮೈಲೇಜ್ ಬರುತ್ತದೆ” ಎಂಬ ಮಾತು

ಇದನ್ನು ತೆಗೆದರೆ ಮೈಲೇಜ್ ಹೆಚ್ಚುತ್ತದೆ ಎಂದು ಕೆಲವರು ಹೇಳುತ್ತಾರೆ. ಈಗಿನ ಬೈಕುಗಳ ಇಂಜಿನ್ ಈ ಭಾಗವನ್ನೂ ಲೆಕ್ಕಕ್ಕೆ ಹಿಡಿದೇ ಹೊಂದಿಸಿದ್ದಾಗಿರುತ್ತದೆ. ತೆಗೆದರೆ ಆ ಹೊಂದಾಣಿಕೆ ಕೆಡಬಹುದು. ಹೆಚ್ಚುವುದು ಸದ್ದು ಮತ್ತು ವಿಷ. ಜೊತೆಗೆ ಇದು ಕಾನೂನಿಗೆ ವಿರುದ್ಧ. ವಾಯುಮಾಲಿನ್ಯದ ಮಿತಿ ಮೀರಿದ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 10,000 ರೂಪಾಯಿವರೆಗೆ ದಂಡ ಅಥವಾ 3 ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು.

ನೆನಪಿಡಬೇಕಾದ ಅಂಶಗಳು

1. ಕನ್ವರ್ಟರ್ ತೆಗೆಸಬೇಡಿ. ತೆಗೆಸಿದ್ದರೆ ಕಂಪನಿಯ ಮೂಲ ಸೈಲೆನ್ಸರನ್ನೇ ಮರಳಿ ಹಾಕಿಸಿ.

2. ಪಡಸಾಲೆ, ಶೆಡ್ಡು, ಮುಚ್ಚಿದ ಗ್ಯಾರೇಜಿನಲ್ಲಿ ಯಾವ ಬೈಕನ್ನೂ ಚಾಲೂ ಇಡಬೇಡಿ. ಹೊರಗೆ ತಳ್ಳಿಕೊಂಡು ಬಂದು ಚಾಲೂ ಮಾಡಿ.

3. ವಾರ್ಡಿನ ಕಿಟಕಿಯ ಕೆಳಗೆ, ಆಸ್ಪತ್ರೆಯ ಬಾಗಿಲ ಬಳಿ ಇಂಜಿನ್ ಬಂದ್ ಮಾಡಿ.

4. ಸರ್ವಿಸಿಂಗ್ ಮತ್ತು ಹೊಗೆ ತಪಾಸಣೆಯನ್ನು ಕಾಲಕಾಲಕ್ಕೆ ಮಾಡಿಸಿ.

5. ಹೊಗೆಯಿಂದ ಯಾರಿಗಾದರೂ ತಲೆಸುತ್ತು ಬಂದರೆ ಕೂಡಲೇ ಬಯಲು ಗಾಳಿಗೆ ತನ್ನಿ. ಎಚ್ಚರ ತಪ್ಪಿದ್ದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಿ.

6. ಅವರು ಹೊಗೆಯಲ್ಲಿ ಇದ್ದರೆಂಬುದನ್ನು ವೈದ್ಯರಿಗೆ ತಪ್ಪದೇ ಹೇಳಿ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಈ ವಿಷವನ್ನು ಗುರುತಿಸದೆ ಆಮ್ಲಜನಕ ಸರಿಯಾಗಿದೆ ಎಂದೇ ತೋರಿಸಬಹುದು. ನೀವು ಹೇಳುವ ಒಂದು ಮಾತಿನಿಂದ ಸರಿಯಾದ ರಕ್ತ ಪರೀಕ್ಷೆ, ಆಮ್ಲಜನಕದ ಚಿಕಿತ್ಸೆ ಬೇಗ ಸಿಗುತ್ತದೆ.

ಓದಿದ ಮೇಲೆ ಈ ಹಾಳೆಯನ್ನು ಮನೆಗೆ ಒಯ್ದು, ಬೈಕ್ ಓಡಿಸುವ ಮಕ್ಕಳಿಗೆ, ಅಣ್ಣತಮ್ಮಂದಿರಿಗೆ ಓದಲು ಕೊಡಿ.